ರಾಜಪಾರ್ಟಿನ ಕೈಯಿಂದ ಬಿದ್ದ ಗದೆ

ಆ ಭಾನುವಾರ ಮಧ್ಯಾಹ್ನ ನಾಯಂಡಹಳ್ಳಿಯ ಊರಿಗೆ ಊರೇ ಮಾರಮ್ಮನ ಗುಡಿ ಮುಂದಿನ ಚಪ್ಪರದಲ್ಲಿ ಜಮಾಯಿಸಿತ್ತು. ನಾಟಕ ಇನ್ನೂ ಮುಂದಿನ ವಾರ; ಅವತ್ತು ಬರೀ ಟ್ರಯಲ್ಲು. ಆದರೆ ನಂಜುಂಡಪ್ಪ ಗದೆ ಹಿಡಿದು ಬರುತ್ತಾನೆಂದರೆ ಟ್ರಯಲ್ಲೇನು, ನಾಟಕವೇನು!

ನಂಜುಂಡಪ್ಪನಿಗೆ ಅರವತ್ತು ದಾಟಿತ್ತು. ಮೀಸೆ ಮೂಡಿದಾಗಿನಿಂದ ಅವನಿಗೆ ರಾಜಪಾರ್ಟಿನ ಮೇಲೆ ಕಣ್ಣು. ಈ ಕಡೆಯ ಪದ್ಧತಿ ಗೊತ್ತಲ್ಲ, ಪಾರ್ಟು ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕೊಟ್ಟು ಪಾರ್ಟು ಹಿಡಿಯಬೇಕು. ಸೇವಕನಿಗೆ ಚಿಲ್ಲರೆ ಸಾಕು, ಮಂತ್ರಿಗೆ ಒಂದಿಷ್ಟು, ರಾಜನಾಗಬೇಕಾದರೆ ಗಂಟೇ ಕರಗಬೇಕು. ಹೊಸ ಬಡಾವಣೆಗೆಂದು ಸರ್ಕಾರದವರು ಹೊಲ ತೆಗೆದುಕೊಂಡು ಪರಿಹಾರ ಕೊಟ್ಟಿದ್ದರು. ಮಗಳ ಮದುವೆಗೆ ಖರ್ಚಾಗಿ ಉಳಿದದ್ದನ್ನೆಲ್ಲ ಈ ಮಹಾಶಯ ರಾಜಪಾರ್ಟಿಗೆ ಸುರಿದ, ಅದೂ ತಮ್ಮ ಕೆಂಪಯ್ಯ ಬಾಯಿ ತೆರೆಯುವ ಮೊದಲೇ. ಕೆಂಪಯ್ಯನಿಗೂ ಅದೇ ಪಾರ್ಟು ಬೇಕಿತ್ತು. ಅವತ್ತಿನಿಂದ ಅವನು ಅಣ್ಣನ ಮನೆಯಲ್ಲಿ ಕಾಫಿ ಮುಟ್ಟಿರಲಿಲ್ಲ.

ನಂಜುಂಡಪ್ಪನ ಹೆಂಡತಿ ಯಶೋದಮ್ಮ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ರಾಜನ ಮಾತುಗಳೆಲ್ಲ ಅವಳಿಗೂ ಬಾಯಿಪಾಠ. ತಿಂಗಳುಗಟ್ಟಲೆ ಮನೆಯಲ್ಲಿ ರಾಜನದೇ ದರ್ಬಾರು, ಮುದ್ದೆಗೆ ಇನ್ನೊಂದು ಸೌಟು ಸಾರು ಬೇಕೆಂದರೂ ಗಂಡ "ಯಾರಲ್ಲಿ!" ಎಂದೇ ಕೂಗುತ್ತಿದ್ದ.

ಹಾರ್ಮೋನಿಯಂ ಮೇಷ್ಟ್ರು ವೆಂಕಟಸ್ವಾಮಿ ಸ್ವರ ಏರಿಸಿದರು. ನಂಜುಂಡಪ್ಪ ಗದೆ ಹೊತ್ತು ರಂಗಕ್ಕೆ ನುಗ್ಗಿದ. ಮೊದಲನೇ ಮಾತಿಗೇ ಶಿಳ್ಳೆ! ಎರಡನೇ ಮಾತು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಬಲಗೈಯಿಂದ ಗದೆ ಜಾರಿ ಹಲಗೆಯ ಮೇಲೆ ದಢಾರನೆ ಬಿತ್ತು. ಕೈ ಹಾಗೇ ಜೋತುಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಮಾತಿನ ಬದಲು ಗಂಟಲಿನಿಂದ ಏನೋ ಗೊರಗೊರ ಸದ್ದು ಹೊರಟಿತು.

"ವನ್ಸ್ ಮೋರ್!" ಎಂದು ಹಿಂದಿನಿಂದ ಯಾರೋ ಕೂಗಿದ. ಚಪ್ಪರವೇ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಸೋತ ರಾಜನನ್ನು ಹೀಗೆ ಮಾಡಿ ತೋರಿಸಿದವರು ಈ ಊರಲ್ಲಿ ಯಾರಿದ್ದರು!

ಯಶೋದಮ್ಮ ಕೂತಲ್ಲಿಂದ ಎದ್ದುಬಿಟ್ಟಳು. ಆ ಮಾತಿಗೆ ರಾಜ ಗದೆ ಎತ್ತಬೇಕು, ಬೀಳಿಸುವುದಲ್ಲ. ಗಂಡನ ಕಣ್ಣು ಅಷ್ಟು ಜನರನ್ನು ಬಿಟ್ಟು ತನ್ನನ್ನೇ ಹುಡುಕುತ್ತಿತ್ತು. ಹೆಂಗಸರು ರಂಗ ಹತ್ತುವ ಊರಲ್ಲ ಅದು. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿಯೇ ಬಿಟ್ಟಳು, ಗಂಡನನ್ನು ತಬ್ಬಿ ಹಿಡಿದು ಕೂರಿಸಿದಳು. ಗಂಡನ ಆಕ್ಟಿಗೆ ಹೆಂಡತಿಯೇ ಮರುಳಾದಳೆಂದು ಜನ ಇನ್ನಷ್ಟು ನಕ್ಕರು.

ಮೇಷ್ಟ್ರು ಇನ್ನೊಬ್ಬರ ಹಾಡು ನುಡಿಸಿ ಮುಗಿಸುವಷ್ಟರಲ್ಲಿ ನಂಜುಂಡಪ್ಪನ ಬಾಯಿ ನೆಟ್ಟಗಾಯಿತು, ಬೆರಳುಗಳು ಆಡಿದವು.

"ಏನ್ ಆಕ್ಟು ನಂಜುಂಡಪ್ಪೋರೇ! ನಾಟಕದ ದಿನಾನೂ ಇದನ್ನ ಬಿಡ್ಬೇಡಿ, ಊರು ಹುಚ್ಚೆದ್ದು ಹೋಗುತ್ತೆ" ಎಂದರು ಮೇಷ್ಟ್ರು.

ಹೊಗಳಿದವರ ಮುಂದೆ ನಂಜುಂಡಪ್ಪ ಎಂದೂ ಇಲ್ಲ ಎಂದವನಲ್ಲ. "ನೋಡೋಣ, ನೋಡೋಣ" ಎಂದು ಮೀಸೆ ತಿರುವಿದ.

"ಅದು ಆಕ್ಟಲ್ಲ, ನಿಮ್ ಕೈ ಬಿದ್ದೋಗಿತ್ತು" ಎಂದಳು ಯಶೋದಮ್ಮ, ಮನೆಗೆ ಬಂದ ಮೇಲೆ.

"ಬಿಸಿಲಿಗೆ ತಲೆ ಸುತ್ತು ಬಂದಿತ್ತು ಕಣೇ. ಅಪಶಕುನ ಆಡ್ಬೇಡ."

ಡಾಕ್ಟರ ಹೆಸರೆತ್ತಿದರೆ ಉರಿದು ಬೀಳುವ ಆಸಾಮಿ ಇವನು. ಯಶೋದಮ್ಮ ಒಂದು ಸುಳ್ಳು ಹೂಡಿದಳು. ರಾಜಾಜಿನಗರದಲ್ಲಿ ಹೊಸದಾಗಿ ಔಷಧದ ಷಾಪು ಇಟ್ಟಿರುವ ಡಾಕ್ಟರು ಲಕ್ಷ್ಮೀಪತಿಗೆ ನಾಟಕದ ಹುಚ್ಚಂತೆ, ರಾಜಪಾರ್ಟಿನವರನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ! ಸರಿ, ಮಾರನೆಯ ದಿನ ಬೆಳಿಗ್ಗೆ ನಂಜುಂಡಪ್ಪ ಜರಿ ಪೇಟ ಸುತ್ತಿ ತಾನೇ ಮೊದಲು ಜಟಕಾ ಹತ್ತಿದ.

ಷಾಪಿನಲ್ಲಿ ಯಶೋದಮ್ಮ ನಡೆದದ್ದನ್ನು ಡಾಕ್ಟರ ಕಿವಿಗೆ ಉಸುರಿದಳು. ಡಾಕ್ಟರು ಪೇಟವನ್ನು ಮೆಚ್ಚಿಕೊಳ್ಳುತ್ತಲೇ ನಾಡಿ ಹಿಡಿದರು. ಹಿಡಿದ ಕೈ ಬಿಡಲಿಲ್ಲ. ಆಮೇಲೆ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಯಜಮಾನರೇ, ನಿಮ್ಮ ಎದೆ ತಾಳ ತಪ್ಪಿದೆ. ಹೀಗೆ ಬಡಿದರೆ ರಕ್ತ ಒಳಗೇ ನಿಂತು ಮೊಸರಿನ ಹಾಗೆ ಹೆಪ್ಪುಗಟ್ಟುತ್ತೆ. ಅದರದ್ದೊಂದು ಚೂರು ಹೊರಟು ತಲೆಯೊಳಗಿನ ನಾಳಕ್ಕೆ ಅಡ್ಡ ಕೂತಿರಬೇಕು. ನಿಮ್ಮ ಪುಣ್ಯ, ಕರಗಿಹೋಯ್ತು. ಮುಂದಿನ ಸಲ ಕರಗದಿದ್ರೆ ಲಕ್ವ. ಕೈಕಾಲು, ಮಾತು, ಎಲ್ಲಾ ಹೋಗಬಹುದು. ಜೀವಾನೂ ಹೋಗಬಹುದು."

"ಔಷಧ ಇದೆಯಾ ಸ್ವಾಮಿ?" ಯಶೋದಮ್ಮ ಕೇಳಿದಳು.

"ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ಬಂದಿದೆ. ಪರದೇಶದಿಂದ ಬರೋದು, ದುಬಾರಿ. ಬರೀ ನುಂಗಿದರೆ ಸಾಲದಮ್ಮ, ಮತ್ತೆ ಮತ್ತೆ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ಕಮ್ಮಿಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತ ಸೋರೋಕೆ ಶುರು. ಗದೆ ಯುದ್ಧವಂತೂ ಬೇಡವೇ ಬೇಡ. ಮಾತ್ರೆ ತಗೊಳ್ಳೋವಾಗ ಏಟು ಬಿದ್ದರೆ ರಕ್ತ ನಿಲ್ಲಲ್ಲ."

ನಂಜುಂಡಪ್ಪ ಎದ್ದು ಪೇಟ ಸರಿಮಾಡಿಕೊಂಡ. "ಪಾರ್ಟಿಗೆ ದುಡ್ಡು ಕಟ್ಟಾಗಿದೆ ಡಾಕ್ಟ್ರೇ. ನಾಟಕ ಮುಗೀಲಿ, ಬರ್ತೀನಿ."

ಅದೂ ನಿಜವೇ. ಕಟ್ಟಿದ ದುಡ್ಡು ವಾಪಸ್ಸು ಬರಬೇಕಾದರೆ ಆ ಪಾರ್ಟನ್ನು ಇನ್ನೊಬ್ಬ ಹಿಡಿಯಬೇಕು. ಮಾತ್ರೆಗೆ ಬೇಕಾದ ದುಡ್ಡೆಲ್ಲ ಆ ಕಿರೀಟದೊಳಗೇ ಕೂತಿತ್ತು. ಯಶೋದಮ್ಮ ಅವತ್ತು ಸಂಜೆಯೇ ಸೀದಾ ಹೋಗಿ ಮೈದುನನ ಬಾಗಿಲಲ್ಲಿ ನಿಂತಳು.

"ನಿಮ್ಮಣ್ಣನಿಗೆ ಭಾರ ಎತ್ತಬಾರದು ಅಂದಿದ್ದಾರೆ. ಪಾರ್ಟು ನೀನು ಹಿಡೀತೀಯೇನಪ್ಪ?"

ಲಕ್ವದ ಮಾತು ಅವಳು ಎತ್ತಲಿಲ್ಲ. ಎತ್ತಿದ್ದರೆ ನಾಳೆ ಊರೆಲ್ಲ ಅವಳ ಗಂಡನ ಬಾಯನ್ನೇ ನೋಡುತ್ತ ನಿಲ್ಲುತ್ತಿತ್ತು. ಕೆಂಪಯ್ಯ ಹಿಂದೆಮುಂದೆ ಯೋಚಿಸಲಿಲ್ಲ. "ಅತ್ತಿಗೆ, ನೀವು ದೇವರು ಕಣ್ರೀ!" ಎಂದು ಕುಣಿದೇಬಿಟ್ಟ, ಪಾರ್ಟಿನ ದುಡ್ಡು ಅಲ್ಲೇ ಎಣಿಸಿಕೊಟ್ಟ.

ಆಮೇಲೆ ಮನೆಯಲ್ಲಿ ಎದ್ದ ರಂಪ ಹೇಳತೀರದು. "ನನ್ ಕಿರೀಟ ಮಾರಿ ತಂದ ಮಾತ್ರೆ ನನ್ ಗಂಟಲಲ್ಲಿ ಇಳಿಯಲ್ಲ! ಅದೂ ಮಾರಿ ಮಾರಿ ಅವನಿಗೆ! ನಾಟಕದ ದಿನ ಅವನ ತಲೆಯಿಂದ ಕಿತ್ಕೊಂಡು ನಾನೇ ರಂಗ ಹತ್ತದಿದ್ರೆ ನನ್ ಹೆಸರು ನಂಜುಂಡಪ್ಪನೇ ಅಲ್ಲ!"

ಯಶೋದಮ್ಮ ದಿನಾ ನೀರು, ಮಾತ್ರೆ ತಂದಿಡುವಳು. ಅವನು ಗೋಡೆ ಕಡೆ ತಿರುಗುವನು. ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾದರೂ ಅವಳು ಹೊರಗೋಡಿ ಬಂದು ಮೊದಲು ಗಂಡನ ಬಲಗೈ ನೋಡುವಳು. ಹೆದರಿಕೆಯಲ್ಲಿ ಬೆಂದುಹೋದಳು ಹೆಂಗಸು.

ನಾಟಕದ ದಿನ ಬಂತು. ಹೊತ್ತು ಮುಳುಗುತ್ತಿದ್ದ ಹಾಗೆ ಗ್ಯಾಸ್ ಲೈಟುಗಳು ಭುಸ್ಸೆಂದು ಹತ್ತಿಕೊಂಡವು. ಕೆಂಗೇರಿ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ನಂಜುಂಡಪ್ಪ ಮುಂದಿನ ಸಾಲಿನಲ್ಲಿ, ರಂಗದ ಮೆಟ್ಟಿಲಿಗೆ ಅಂಟಿಕೊಂಡೇ ಕೂತ. ಗಂಡಸರ ಸಾಲು ಎಂದು ಯಾರು ಕಣ್ಣು ಬಿಟ್ಟರೂ ಯಶೋದಮ್ಮ ಅವನ ಪಕ್ಕ ಬಿಟ್ಟು ಏಳಲಿಲ್ಲ. ಮಾತ್ರೆ ಸೆರಗಿನ ಗಂಟಿನಲ್ಲಿತ್ತು, ನೀರಿನ ಚೊಂಬು ಮಡಿಲಲ್ಲಿತ್ತು.

ಹಾರ್ಮೋನಿಯಂ ಏರಿತು. ಕೆಂಪಯ್ಯ ಕಿರೀಟ ಹೊತ್ತು ನುಗ್ಗಿದ. ಶಿಳ್ಳೆಯೋ ಶಿಳ್ಳೆ! ನಂಜುಂಡಪ್ಪ ಮುಷ್ಟಿ ಬಿಗಿಹಿಡಿದು ಅರ್ಧ ಎದ್ದ. ಯಶೋದಮ್ಮ ಅವನ ಪಂಚೆಯ ಚುಂಗು ಹಿಡಿದಳು.

ಆಗ ಎರಡನೇ ಮಾತಿನ ಅರ್ಧಕ್ಕೆ, ಕೆಂಪಯ್ಯನ ಕೈಯಿಂದ ಗದೆ ಬಿತ್ತು. ಕೈ ಜೋತುಬಿತ್ತು. ಬಾಯಿ ಸೊಟ್ಟಗಾಯಿತು. ಗಂಟಲಿನಿಂದ ಗೊರಗೊರ ಸದ್ದು. ಪಾಪ, ಊರು ಮೆಚ್ಚಿದ ಅಣ್ಣನ ಆಕ್ಟು ಕೈತಪ್ಪಬಾರದೆಂದು ಅವನು ಕನ್ನಡಿ ಮುಂದೆ ನಿಂತು ವಾರವಿಡೀ ಕಲಿತಿದ್ದ.

"ವನ್ಸ್ ಮೋರ್!"

ಕೆಂಪಯ್ಯ ಗದೆ ಎತ್ತಿ ಮತ್ತೆ ಬೀಳಿಸಿದ, ಮತ್ತೆ ಬಾಯಿ ಸೊಟ್ಟಗೆ ಮಾಡಿದ. ಜನ ಬಿದ್ದು ಬಿದ್ದು ಕೂಗಿದರು. ನಂಜುಂಡಪ್ಪ ನಿಂತಲ್ಲೇ ನಿಂತ.

"ನಾನು ಹಿಂಗಿದ್ನೇನೇ?" ಕೇಳಿದ.

"ಇದಕ್ಕಿಂತ ಜಾಸ್ತಿ" ಎಂದಳು ಯಶೋದಮ್ಮ. "ಅವತ್ತೂ ಇವರು ಹಿಂಗೇ ಚಪ್ಪಾಳೆ ತಟ್ಟಿದ್ರು."

"ವನ್ಸ್ ಮೋರ್! ವನ್ಸ್ ಮೋರ್!" ಕೆಂಪಯ್ಯ ಮೂರನೇ ಸಲಕ್ಕೆ ಬಗ್ಗಿದ.

"ನಿಲ್ಸೋ ಕೆಂಪಾ!" ನಂಜುಂಡಪ್ಪನ ದನಿಗೆ ಹಾರ್ಮೋನಿಯಂ ಕೂಡ ನಿಂತಿತು. "ಅದು ಆಕ್ಟಲ್ಲ ಕಣೋ! ನನಗೆ ಲಕ್ವ ಹೊಡೆದಿತ್ತು!"

ಚಪ್ಪಾಳೆ ತಟ್ಟಿದವರು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕೂತರು. "ಅಣ್ಣಾ..." ಎಂದ ಕೆಂಪಯ್ಯ ರಂಗದ ಅಂಚಿಗೆ ಬಂದು.

"ನೀನು ಗದೆ ಎತ್ತೋ. ಪುಸ್ತಕದಲ್ಲಿ ಇರೋ ಹಾಗೆ ಎತ್ತು. ರಾಜ ನೀನು."

ಕೆಂಪಯ್ಯ ಕಣ್ಣೊರೆಸಿಕೊಂಡು ಗದೆ ಎತ್ತಿದ. ಮೇಷ್ಟ್ರು ಸ್ವರ ಹಿಡಿದರು. ನಂಜುಂಡಪ್ಪ ಕೂತು ಹೆಂಡತಿ ಕಡೆ ತಿರುಗಿದ.

"ಅವತ್ತು ಆ ಬಾಯಲ್ಲಿ ನಿನ್ನೇ ಕರೀತಿದ್ದೆ ಕಣೇ. ಮಾತೇ ಬರ್ಲಿಲ್ಲ."

"ಮಾತು ಬರದಿದ್ರೇನು, ನಾನು ಬಂದ್ನಲ್ಲ."

ನಂಜುಂಡಪ್ಪ ಬಲಗೈ ಚಾಚಿದ. "ಆ ಮಾತ್ರೆ ಕೊಡು."

ಸೆರಗಿನ ಗಂಟು ಬಿಗಿದುಹೋಗಿ ಬೆರಳಿಗೆ ಬಿಚ್ಚಲೇ ಬರಲಿಲ್ಲ. ಯಶೋದಮ್ಮ ಹಲ್ಲಿನಿಂದ ಕಚ್ಚಿ ಎಳೆದಳು. ಅವನು ಮಾತ್ರೆ ಬಾಯಿಗೆ ಹಾಕಿಕೊಂಡು, "ಒಂದಿಷ್ಟು ನೀರು ಕೊಡು ಯಶೋದಾ" ಎಂದ, "ಯಾರಲ್ಲಿ" ಎನ್ನದೆ.