ಮುಬೀನನ ಒಂಬತ್ತು ಹಾಡುಗಳು

ಮುಬೀನ್ ಸತ್ತ ಮೇಲೆ ಊರಿಗೆಲ್ಲ ಅವನ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಇಂದಿರಾನಗರದ ಕೆಫೆಗಳಲ್ಲಿ ಅವನು ಗಿಟಾರ್ ಹಿಡಿದು ಕೂತಾಗ ಮೊಬೈಲಿನಿಂದ ತಲೆ ಎತ್ತದವರೂ ಕಣ್ಣೀರಿನ ಪೋಸ್ಟ್ ಹಾಕಿದರು. ‘ಎಂಥ ದನಿ, ಎಂಥ ಸಾಹಿತ್ಯ’ ಎಂದು ಬರೆದವರಲ್ಲಿ ಒಬ್ಬ ಮಹಾಶಯ, ಮುಬೀನ್ ಹಾಡುತ್ತಿದ್ದಾಗಲೇ ಎದ್ದು ಹೋಗಿ, ಇದನ್ನು ನಿಲ್ಲಿಸಿ ಟೀವಿಯಲ್ಲಿ ಕ್ರಿಕೆಟ್ ಹಾಕಿ ಎಂದು ಮ್ಯಾನೇಜರಿಗೆ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನ ಪೋಸ್ಟಿನ ಕೆಳಗೆ ಒಂದು ಮಾತು ಬರೆದೇಬಿಡೋಣ ಎಂದು ಫೋನ್ ಎತ್ತಿಕೊಂಡವಳು, ಗಂಡ ಬೇಡವೆಂದದ್ದಕ್ಕೆ ಸುಮ್ಮನಾದೆ.

ನಾನು ಪ್ರಿಯದರ್ಶಿನಿ, ಹಲಸೂರಿನವಳು, ಬಾಯಿ ಸ್ವಲ್ಪ ಜೋರು. ಗಂಡ ದುರ್ಗೇಶ ಯಾದಗಿರಿ ಕಡೆಯವನು, ಮಾತು ಕಡಿಮೆ. ಮದುವೆ ವಿಡಿಯೋಗಳಿಗೆ ಸೌಂಡು ಸರಿಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಾನೆ. ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಒಂದು ಕೋಣೆಯಿದೆ. ಅದರ ಗೋಡೆಗೆಲ್ಲ ಹಳೆಯ ಹತ್ತಿ ಹಾಸಿಗೆಗಳನ್ನು ಹೊಡೆದು ಅವನು ಸ್ಟುಡಿಯೋ ಮಾಡಿಕೊಂಡಿದ್ದ. ಮುಬೀನನ ಆಲ್ಬಂ ತಯಾರಾದದ್ದು ಅಲ್ಲಿಯೇ. ಒಂಬತ್ತು ಹಾಡು. ಒಂಬತ್ತನ್ನೂ ಅವನೇ ಬರೆದು, ಅವನೇ ರಾಗ ಹಾಕಿ, ಅವನೇ ಹಾಡಿದ್ದ. ಅರ್ಧ ಕನ್ನಡ, ಅರ್ಧ ಅವನ ಮನೆಯ ದಖನಿ ಉರ್ದು. ಒಂದೊಂದು ಹಾಡನ್ನೂ ಕೆಡವಿ ಕಟ್ಟಿ, ಕೆಡವಿ ಕಟ್ಟಿ, ಎರಡು ವರ್ಷ ತೆಗೆದುಕೊಂಡಿದ್ದ. ಅದನ್ನು ಲೋಕಕ್ಕೆ ಬಿಡುವ ಓಡಾಟವೆಲ್ಲ ನನ್ನದು.

ಆ ಎರಡು ವರ್ಷ ಅವನು ಮಲಗಿ ಎದ್ದದ್ದೂ ಆ ಕೋಣೆಯಲ್ಲೇ. ಅವನ ಅಪ್ಪ ಅಹ್ಮದ್ ಪಾಷಾ ಶಿವಾಜಿನಗರದಲ್ಲಿ ಕಾರುಗಳ ಹಳೆಯ ಬಿಡಿಭಾಗ ಮಾರುವವರು. ಮಗ ಅಂಗಡಿ ಬಿಟ್ಟು ಹಾಡು ಹಿಡಿದನೆಂದು ಸಿಟ್ಟಾಗಿ ಮನೆಯಿಂದ ಹೊರಗೆ ಹಾಕಿದ್ದರು. ಅಪ್ಪ ಅಂಗಡಿಗೆ ಹೋದ ಮೇಲೆ ದಿನಾ ಮಧ್ಯಾಹ್ನ ಅಮ್ಮನ ಫೋನ್ ಬರುತ್ತಿತ್ತು. ಊಟ ಆಯ್ತಾ, ಸ್ನಾನ ಆಯ್ತಾ, ನಮಾಜ್ ಆಯ್ತಾ. ಮೂರಕ್ಕೂ ಇವನು ಹೂಂ ಎನ್ನುತ್ತಿದ್ದ. ಅದರಲ್ಲಿ ಎರಡು ಸುಳ್ಳು.

ಕೊನೆಯ ಹಾಡಿನ ಕೆಲಸ ಮುಗಿದ ವಾರವೇ ಟಿನ್ ಫ್ಯಾಕ್ಟರಿ ಹತ್ತಿರ ನೀರಿನ ಟ್ಯಾಂಕರೊಂದು ಅವನ ಬೈಕಿನ ಮೇಲೆ ಹರಿಯಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಳು ರಸ್ತೆ, ಹಾಳು ಟ್ಯಾಂಕರ್, ಹಾಳು ಊರು ಎಂದು ನಾನು ಬಾಯಿಗೆ ಬಂದಂತೆ ಬೈದೆ. ಬೈದು ಏನು ಬಂತು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆಗಲಿ, ಆಮೇಲೆ ಆಲ್ಬಂ ಬಿಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅದು ಕಳೆದ ಕೆಲವು ದಿನಕ್ಕೆ ಅವನ ತಂಗಿ ರಿಮ್ಶಾ ಫೋನ್ ಮಾಡಿ, ಅಮ್ಮಿ ನಿಮ್ಮಲ್ಲಿಗೆ ಬರಬೇಕಂತೆ ಎಂದಳು. ಮಗನ ಹಾಡು ಕೇಳಲು ಬರುತ್ತಿದ್ದಾರೆ ಎಂದು ನನಗೆ ಎದೆ ತುಂಬಿ ಬಂತು. ಸ್ಟುಡಿಯೋ ಗುಡಿಸಿ, ಒಳ್ಳೆಯ ಕುರ್ಚಿಯನ್ನು ಮೇಲಕ್ಕೆ ಹೊತ್ತೆ.

ರಿಮ್ಶಾಳ ಜೊತೆ ಬಂದ ಅವನ ಅಮ್ಮ ಇಮಾಮ್ ಬೀ ಕುರ್ಚಿಯಲ್ಲಿ ಕೂರಲಿಲ್ಲ. ಮುಬೀನ್ ಮಲಗುತ್ತಿದ್ದ ಮೂಲೆ ಯಾವುದೆಂದು ಕೇಳಿ, ಅಲ್ಲಿ ಚಾಪೆಯ ಮೇಲೆ ಕೂತರು. ಬುರ್ಖಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನೇರವಾಗಿ ದುರ್ಗೇಶನಿಗೇ ಹೇಳಿದರು.

“ಬೇಟಾ, ಅವನ ಹಾಡೆಲ್ಲ ಅಳಿಸ್ಬಿಡಪ್ಪ. ಒಂದು ಚೂರೂ ಉಳೀಬಾರ್ದು.”

ನನಗೆ ಅರ್ಥವಾಗಲಿಲ್ಲ. ರಿಮ್ಶಾ ತಲೆ ತಗ್ಗಿಸಿದಳು.

“ಯಾಕಮ್ಮಿ?” ಎಂದೆ. “ಅಂಕಲ್ ಹೇಳಿ ಕಳಿಸಿದ್ರಾ?”

“ಅವ್ರಿಗೆ ನಾನು ಬಂದಿರೋದೇ ಗೊತ್ತಿಲ್ಲ. ನಾನೇ ಕೇಳ್ತಿರೋದು.” ಅವರು ನನ್ನ ಕಡೆ ತಿರುಗಿದರು. “ನೋಡು ಬೇಟಿ, ಸತ್ತ ಮೇಲೆ ಮನುಷ್ಯನ ಲೆಕ್ಕ ಮುಚ್ಚೋಗುತ್ತೆ. ಬಿಟ್ಟು ಹೋಗಿದ್ದು ಮಾತ್ರ ನಡೀತಾನೇ ಇರುತ್ತೆ. ಒಬ್ಬ ಬಾವಿ ತೋಡ್ಸಿ ಹೋದ್ರೆ, ಜನ ನೀರು ಕುಡ್ದಾಗೆಲ್ಲ ಅವನಿಗೆ ಪುಣ್ಯ. ಹಾಡು ಬಿಟ್ಟು ಹೋದ್ರೆ, ಜನ ಕೇಳ್ದಾಗೆಲ್ಲ ಗುನಾಹ್. ಅವನು ಕಬರ್‌ನಲ್ಲಿ ಒಬ್ನೇ ಇದಾನೆ. ಇಲ್ಲಿ ಯಾರೋ ಬಟನ್ ಒತ್ತಿದ್ರೆ ಅಲ್ಲಿ ನನ್ನ ಮಗನಿಗೆ ಏಟು ಬೀಳುತ್ತೆ.”

“ಎಲ್ರೂ ಹಂಗೆ ಹೇಳಲ್ಲ ಅಮ್ಮಿ,” ರಿಮ್ಶಾ ಮೆಲ್ಲಗೆ ಹೇಳಿದಳು. “ನಮ್ಮ ಮಸೀದಿ ಹಜ್ರತ್ತೇ ಹೇಳಿದ್ರಲ್ಲ, ಮನಸ್ಸಲ್ಲಿ ಏನಿತ್ತು ಅಂತ ಅಲ್ಲಾಗೆ ಗೊತ್ತು, ನೀವು ಹೆದರ್ಬೇಡಿ ಅಂತ.”

“ಹಜ್ರತ್ ಅವ್ರ ಮಗನ್ನ ಮಣ್ಣು ಮಾಡಿಲ್ಲ,” ಎಂದರು ಇಮಾಮ್ ಬೀ.

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ತಾಯಿ ಎಂಬುದನ್ನೂ ನೋಡದೆ ಹೇಳಿಬಿಟ್ಟೆ. ಎರಡು ವರ್ಷ ಅವನು ಜೀವ ಇಟ್ಟುಕೊಂಡದ್ದೇ ಇದಕ್ಕೆ ಎಂದೆ. ಮನೆಯಿಂದ ಹೊರಗೆ ಹಾಕಿದಿರಿ, ಈಗ ಲೋಕದಿಂದಲೂ ಹಾಕುತ್ತೀರಾ ಎಂದೆ. ಅವರು ಒಂದು ಮಾತೂ ಎದುರಾಡಲಿಲ್ಲ. ಬೈಸಿಕೊಳ್ಳಲು ತಯಾರಾಗಿಯೇ ಬಂದವರ ಹಾಗಿದ್ದರು.

ದುರ್ಗೇಶ ಅವರ ಎದುರಿಗೆ ನೆಲದ ಮೇಲೆ ಕೂತ. “ಅಮ್ಮಾ, ನೀವು ಒಮ್ಮೆನೂ ಕೇಳಿಲ್ರಿ. ಒಂದ್ ಹಾಡು ಕೇಳ್ರಿ. ಕೇಳಿ ಆಮ್ಯಾಲ ಹೇಳ್ರಿ, ನೀವ್ ಹೇಳ್ದಂಗ ಮಾಡ್ತೀನಿ.”

“ಮಾತು ಕೊಡ್ತೀಯಾ?”

“ಕೊಡ್ತೀನ್ರಿ.”

ಇಮಾಮ್ ಬೀ ಬೆರಳಿಗೆ ಸುತ್ತಿದ್ದ ಬುರ್ಖಾದ ಅಂಚನ್ನು ಬಿಟ್ಟರು. “ಹಾಕಪ್ಪ. ನಾನಾಗಿ ಕೇಳ್ತಿದೀನಿ. ಇದರ ಗುನಾಹ್ ನಂದು, ಅವನಿಗೆ ಬರೋದು ಬೇಡ.”

ನನಗೆ ಒಳಗೊಳಗೇ ಖುಷಿಯಾಯಿತು. ಗೆದ್ದೆವು ಎಂದುಕೊಂಡೆ. ದುರ್ಗೇಶ ಆರಿಸಿದ್ದು ಅವರ ಮೇಲೆಯೇ ಬರೆದ ಹಾಡು. ಮನೆಯಿಂದ ಹೊರಬಿದ್ದ ಮೇಲೆ ಒಂದು ಸಂಜೆ ಮುಬೀನ್ ತಮ್ಮ ಗಲ್ಲಿಗೆ ಹೋಗಿ, ಬಾಗಿಲು ತಟ್ಟದೆ ವಾಪಸು ಬಂದಿದ್ದ. ‘ಅಮ್ಮೀ, ಕದ ಮುಂದೆ ಮಾಡ್ಕೋ, ಗಾಳಿ ಬಂದೈತೆ, ನಾನಲ್ಲ, ಬರೀ ಗಾಳಿ ಬಂದೈತೆ’ ಎಂದು ಆ ಹಾಡು ಶುರುವಾಗುತ್ತದೆ. ಅದನ್ನು ಕೇಳಿ ಅಳದವರನ್ನು ನಾನು ನೋಡಿಲ್ಲ. ಮುಬೀನನೇ ಹಾಡುವಾಗ ಎರಡು ಸಲ ನಿಲ್ಲಿಸಿದ್ದ.

ತಲೆವಸ್ತ್ರದ ಮೇಲೆಯೇ ಅವರಿಗೆ ಹೆಡ್‌ಫೋನ್ ಹಾಕಿದೆವು. ನಮಗೇನೂ ಕೇಳುತ್ತಿರಲಿಲ್ಲ, ಅವರ ಮುಖ ಮಾತ್ರ ಕಾಣುತ್ತಿತ್ತು. ಮೊದಲ ಸಾಲಿಗೇ ಅತ್ತರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ, ಸುರಿಯಲು ಬಿಟ್ಟರು. ಹಾಡು ಮುಗಿದಾಗ, “ಇನ್ನೊಂದು,” ಎಂದರು. ಅದು ಮುಗಿದಾಗ ಮತ್ತೊಂದು. ಹೀಗೆ ಒಂಬತ್ತನ್ನೂ ಕೇಳಿದರು. ಒಂದು ಹಾಡಿಗೆ ನಕ್ಕರು. ಅದು ಅಪ್ಪನ ಅಂಗಡಿಯನ್ನು ಗೇಲಿ ಮಾಡಿ ಬರೆದದ್ದು. ನಾನು ರಿಮ್ಶಾಳ ಕೈ ಹಿಡಿದುಕೊಂಡಿದ್ದೆ.

ಹೆಡ್‌ಫೋನನ್ನು ಅವರೇ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ತುಂಬಾ ಚೆನ್ನಾಗಿದೆ,” ಎಂದರು. “ನನ್ನ ಮಗ ಇಷ್ಟು ಚೆನ್ನಾಗಿ ಹಾಡ್ತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅದಕ್ಕೇ ಹೇಳ್ತಿದೀನಿ, ಅಳಿಸಪ್ಪ. ಚೆನ್ನಾಗಿಲ್ದಿದ್ರೆ ನಾಲ್ಕು ಜನ ಕೇಳಿ ಬಿಟ್ಬಿಡೋರು. ಇದನ್ನ ಜನ ಬಿಡಲ್ಲ. ನಾವೆಲ್ಲ ಸತ್ತ ಮೇಲೂ ಕೇಳ್ತಾರೆ. ಅಲ್ಲೀವರ್ಗೂ ನನ್ನ ಮಗ ತಡ್ಕೋಬೇಕಾ?”

ಹಾಡು ಕೆಟ್ಟದಾಗಿದ್ದರೆ ಉಳಿಯುತ್ತಿತ್ತೇನೋ ಎಂದು ನನಗೆ ಅನಿಸಿತು.

ನೀರು ಕೊಡುವ ನೆಪದಲ್ಲಿ ದುರ್ಗೇಶನನ್ನು ಕೆಳಗೆ ಕರೆದೆ. “ಅವ್ರ ಮುಂದೆ ಅಳಿಸು,” ಎಂದೆ ಪಿಸುದನಿಯಲ್ಲಿ. “ಒಂದು ಕಾಪಿ ಎಲ್ಲಾದ್ರೂ ಇಟ್ಕೊ. ಈಗ ಬಿಡೋದು ಬೇಡ. ಹತ್ತು ವರ್ಷ ಆದ್ಮೇಲೆ ನೋಡೋಣ. ಅವ್ರಿಗೇನು ಗೊತ್ತಾಗುತ್ತೆ?”

“ಮಾತು ಕೊಟ್ಟೀನಿ ಪ್ರಿಯಾ.”

“ಮುಬೀನ್‌ಗೂ ನೀನು ಕೊಟ್ಟಿದ್ದೆ! ಆಲ್ಬಂ ಮಾಡೇ ಮಾಡ್ತೀನಿ ಅಂದಿದ್ದೆ.”

“ಅವ್ನಿಗೆ ಕೊಟ್ಟಿದ್ದು ಮುಗ್ಸೀನಿ. ಆಲ್ಬಂ ಮಾಡೀನಿ.” ಅವನು ಲೋಟ ತೆಗೆದುಕೊಂಡ. “ಆಕಿ ದಿನಾ ರಾತ್ರಿ ಮಲಗ್ಬೇಕಲ್ಲ. ಮಗಂಗ ಹೊಡ್ಯಾಕತ್ತಾರ ಅಂತ ಅನ್ಕೊಂಡು ಹೆಂಗ ಮಲಗ್ತಾಳ? ಸುಳ್ಳು ಹೇಳಿ ಆಕಿ ಮುಖ ನೋಡಾಕ ನನ್ನ ಕೈಲಾಗಂಗಿಲ್ಲ.”

ಇಂಥ ಗಂಡನನ್ನು ಕಟ್ಟಿಕೊಂಡ ನನ್ನ ಹಣೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸಿತು. ಆದರೂ ಅವನ ಹಿಂದೆಯೇ ಮೆಟ್ಟಿಲು ಹತ್ತಿದೆ.

ಅವನು ಎಲ್ಲವನ್ನೂ ಅಳಿಸಿದ. ತಯಾರಾದ ಹಾಡುಗಳು, ಅರ್ಧಕ್ಕೆ ಬಿಟ್ಟವು, ಮೊದಮೊದಲ ಕಚ್ಚಾ ರೆಕಾರ್ಡಿಂಗುಗಳು, ಕಂಪ್ಯೂಟರಿನಲ್ಲಿದ್ದದ್ದು, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿದ್ದದ್ದು, ಇಂಟರ್‌ನೆಟ್ಟಿನಲ್ಲಿ ಜೋಪಾನವಾಗಿರಲಿ ಎಂದು ಇಟ್ಟದ್ದು. ಮತ್ತೆ ಹುಡುಕಿ ತೆಗೆಯಲು ಬಾರದಂತೆ ಡಿಸ್ಕ್‌ಗಳ ಪೂರ್ತಿ ಬೇರೆ ಏನನ್ನೋ ತುಂಬಿದ. ಮುಬೀನ್ ಹಾಡಿದ ಹಳೆಯ ವಿಡಿಯೋಗಳನ್ನು ರಿಮ್ಶಾ ಆಗಲೇ ಅವನ ಖಾತೆಯಿಂದ ತೆಗೆದುಹಾಕಿದ್ದಳು. “ಅಕ್ಕಾ, ನಿಮ್ಮ ಫೋನ್?” ಎಂದಳು. ನನ್ನ ಫೋನಿನಲ್ಲಿ ಎರಡು ಹಾಡಿದ್ದವು. ಇಮಾಮ್ ಬೀ ನನ್ನನ್ನೇ ನೋಡುತ್ತಿದ್ದರು. ನಾನೂ ಅಳಿಸಿದೆ, ಹಲ್ಲು ಕಚ್ಚಿಕೊಂಡು.

ಹೊರಡುವಾಗ ಅವರು ದುರ್ಗೇಶನ ತಲೆ ಮುಟ್ಟಿ ಏನೋ ಪಠಿಸಿ ಊದಿದರು. ಅವರ ಮುಖದಲ್ಲಿ ಎಷ್ಟೋ ದಿನ ನಿದ್ದೆಗೆಟ್ಟವರಿಗೆ ಕೊನೆಗೂ ಹಾಸಿಗೆ ಸಿಕ್ಕ ಸಮಾಧಾನವಿತ್ತು. ನಾನು ಅವರಿಗೆ ಹೋಗಿ ಬನ್ನಿ ಎಂದೂ ಹೇಳಲಿಲ್ಲ. ಆಮೇಲೆ ಎಷ್ಟೋ ದಿನ ದುರ್ಗೇಶ ಆ ಕೋಣೆಗೆ ಹೋಗದೆ ಕೆಳಗೇ ಕೂತು ಕೆಲಸ ಮಾಡಿದ. ಆಲ್ಬಂ ಯಾವಾಗ ಎಂದು ಕೇಳಿದವರಿಗೆ, ಇಲ್ಲ, ಆಗಲಿಲ್ಲ ಎಂದಷ್ಟೇ ಹೇಳಿದೆವು. ಎರಡು ವಾರದಲ್ಲಿ ಕೇಳುವವರೂ ಇಲ್ಲವಾದರು.

ರಂಜಾನ್ ಹಬ್ಬಕ್ಕೆ ರಿಮ್ಶಾ ಕರೆದಳು. ನನಗೆ ಹೋಗುವ ಮನಸ್ಸಿರಲಿಲ್ಲ. ದುರ್ಗೇಶ ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಹೊರಟೆ. ಶಿವಾಜಿನಗರದ ಆ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿ ಗಿಜಿಗುಡುತ್ತಿದ್ದರು. ಅಹ್ಮದ್ ಪಾಷಾ ದುರ್ಗೇಶನನ್ನು ಅಪ್ಪಿಕೊಂಡು ಬೇಗ ಬಿಡಲಿಲ್ಲ. ಈ ಕೆಲವೇ ತಿಂಗಳಲ್ಲಿ ಮುದುಕರಾಗಿಬಿಟ್ಟಿದ್ದರು. ಹಾಲು ಶಾವಿಗೆಯ ಶೀರ್ ಕುರ್ಮಾ ಕುಡಿದಾದ ಮೇಲೆ ಇಮಾಮ್ ಬೀ ನಮ್ಮಿಬ್ಬರನ್ನೂ ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಒಂದು ಕೇಳ್ತೀನಿ ಬೇಟಾ, ಇಲ್ಲ ಅನ್ಬೇಡ.” ದನಿ ತೀರಾ ಸಣ್ಣದಾಗಿತ್ತು. “ಹಾಡು ಬೇಡ. ಹಾಡಿಗೆ ಮುಂಚೆ, ಹಾಡು ಆದ್ಮೇಲೆ ಅವ್ನು ಏನಾದ್ರೂ ಮಾತಾಡ್ತಾನೆ ಅಲ್ವಾ? ಅದೂ ರೆಕಾರ್ಡ್ ಆಗಿರುತ್ತೆ ಅಂತ ರಿಮ್ಶಾ ಹೇಳಿದ್ಲು. ಮಾತಿಗೆ ಗುನಾಹ್ ಇಲ್ಲ. ಅದನ್ನ ಕೊಡು. ಅವನ ದನಿ ಬೇಕು ನಂಗೆ. ಅವನ ಫೋನ್ ಪುಡಿಪುಡಿಯಾಯ್ತು, ನಂದು ಈ ಬಟನ್ ಫೋನು. ರಿಮ್ಶಾಗೆ ಕಳ್ಸಿದ್ದೆಲ್ಲ ಬರೀ ಅಕ್ಷರ.”

ದುರ್ಗೇಶ ನನ್ನನ್ನು ನೋಡಿದ. ಇದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಒಮ್ಮೆ ಮೈಕ್ ಹಾಕಿದರೆ ದುರ್ಗೇಶ ಮಧ್ಯೆ ನಿಲ್ಲಿಸುತ್ತಿರಲಿಲ್ಲ. ಮುಬೀನ್ ಕೆಮ್ಮಿದ್ದು, ನಕ್ಕದ್ದು, ರೈಲಿನ ಸದ್ದಿಗೆ ಬೈದದ್ದು, ಗಂಟೆಗಟ್ಟಲೆ ಇತ್ತು. ಒಂದು ಮಧ್ಯಾಹ್ನ ಮೈಕ್ ಎದುರಿಗೇ ಅಮ್ಮನ ಫೋನ್ ಬಂದು, ಅವನು ಅವರೊಂದಿಗೆ ಮಾತಾಡಿದ್ದೂ ಇತ್ತು. ಆ ಕೊನೆಯದನ್ನು ಇವರಿಗೆ ಎಂದಿಗೂ ಹೇಳಬಾರದು ಎಂದು ನಾನು ಅಲ್ಲೇ ತೀರ್ಮಾನಿಸಿದೆ.

“ಎಲ್ಲಾ ಅಳಿಸೀನ್ರಿ ಅಮ್ಮಾ,” ಎಂದ ದುರ್ಗೇಶ. “ಅದೂ ಅದ್ರಾಗೇ ಇತ್ತು.”

“ಒಂದು ಚೂರೂ ಇಟ್ಕೊಂಡಿಲ್ವಾ?”

“ಇಲ್ರಿ. ಮಾತು ಕೊಟ್ಟಿದ್ದೆ.”

ಅವರು ಅವನನ್ನೇ ನೋಡಿದರು. “ನಾನು ಅಂದ್ಕೊಂಡಿದ್ದೆ, ನೀನು ನಂಗೆ ಸುಳ್ಳು ಹೇಳಿರ್ತೀಯ ಅಂತ. ಎಲ್ಲೋ ಒಂದು ಕಡೆ ಮುಚ್ಚಿಟ್ಟಿರ್ತೀಯ ಅಂತ. ದೋಸ್ತ್ ಅಲ್ವಾ ನೀನು. ಆ ಧೈರ್ಯದ ಮೇಲೇ ಇಷ್ಟು ದಿನ ಇದ್ದೆ.”

ದುರ್ಗೇಶ ಗೋಡೆಗೆ ಒರಗಿದ. ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ತಿಂಗಳು ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬರೀ ದುಃಖ ಬಂತು. ಅವರೇ ದುರ್ಗೇಶನನ್ನು ಕೇಳಿದರು.

“ಅಲ್ಲಿ ಅವನಿಗೆ ಚಾಯ್ ಬೇಕಂದ್ರೆ ಹೇಗೆ ಕೇಳ್ತಿದ್ದ? ಅವನ ಥರಾನೇ ಹೇಳು ಬೇಟಾ.”

ದುರ್ಗೇಶ ಗಂಟಲು ಸರಿಮಾಡಿಕೊಂಡ. “ಗುರು, ಗಂಟಲು ಒಣಗೋಯ್ತು. ಅಕ್ಕಂಗೆ ಹೇಳಿ ಒಂದ್ ಚಾಯ್ ಕೊಡ್ಸು ಮಗಾ.”

ಇಮಾಮ್ ಬೀ ಕಣ್ಣು ಮುಚ್ಚಿಕೊಂಡರು. “ಇನ್ನೊಂದ್ಸಲ.”

ಅವನು ಮತ್ತೆ ಹೇಳಿದ. ಮಾತು ಮುಬೀನನದೇ, ಏರಿಳಿತ ಮಾತ್ರ ಯಾದಗಿರಿಯದು. ಮುಬೀನನ ಹಾಗೆ ಕೊನೆಯಲ್ಲಿ ಎಳೆಯಲು ನೋಡಿದ, ಬರಲಿಲ್ಲ. ಅವರು ಕಣ್ಣು ತೆರೆಯದೆ ಇನ್ನೊಮ್ಮೆ ಎಂದರು, ಅವನು ಇನ್ನೊಮ್ಮೆ ಹೇಳಿದ. ಅವನ ಬೆನ್ನೆಲ್ಲ ಬೆವರಿ ಹೊಸ ಅಂಗಿ ಅಂಟಿಕೊಂಡಿತ್ತು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಇಮಾಮ್ ಬೀ ಎರಡೂ ಕಿವಿ ಮುಚ್ಚಿಕೊಂಡರು.

“ಸಾಕು ಬೇಟಾ, ನಿಲ್ಸು,” ಎಂದರು. “ನಿಂದು ಕೇಳ್ತಾ ಕೇಳ್ತಾ ಅವಂದು ಮರ್ತೋಗ್ತಿದೆ.”