ಸುತ್ತುಕಲ್ಲಿನ ಮೇಲಿಂದ ಚಾಣ

ಬೇಟೆಹಕ್ಕಿ ಚಾಣ ಗಾಳಿಯಲ್ಲಿ ನಿಲ್ಲುತ್ತದೆ. ರೆಕ್ಕೆ ಬಡಿಯುತ್ತ, ಬಾಲವನ್ನು ಬೀಸಣಿಗೆಯಂತೆ ಹರಡಿ, ತಲೆ ಮಾತ್ರ ಅಲುಗಿಸದೆ, ಕೆಳಗಿನ ಹುಲ್ಲನ್ನು ನೋಡುತ್ತ ಒಂದೇ ಕಡೆ ನಿಲ್ಲುತ್ತದೆ. ಆಗ ಅದರ ಫೋಟೊ ತೆಗೆಯುವುದು ಕಷ್ಟವಲ್ಲ. ನನಗೆ ಬೇಕಿದ್ದದ್ದು ಅದಾದ ಮೇಲಿನ ಗಳಿಗೆ. ರೆಕ್ಕೆ ಮಡಚಿ ಅದು ಬೀಳುತ್ತದಲ್ಲ, ಅದು.

ನನ್ನ ಗಂಡ ಗಿರಿಧರನ್ ಸತ್ತು ವರ್ಷವಾಗಿತ್ತು. ಕೋತಗಿರಿಯಿಂದ ಬೈಕಿನಲ್ಲಿ ಬರುತ್ತಿದ್ದ. ಮಂಜಿತ್ತು. ತಿರುವಿನಲ್ಲಿ ಅಡ್ಡ ನಿಂತಿದ್ದ ಕಾಡುಕೋಣ ಅವನಿಗೆ ಕಾಣಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ. ನಾನು ಅಳಲಿಲ್ಲ. ಅಳುವ ಹೆಂಗಸನ್ನು ಹೇಗೆ ಸಮಾಧಾನ ಮಾಡಬೇಕೆಂದು ನಮ್ಮ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಅಳದವಳನ್ನು ಏನು ಮಾಡಬೇಕೆಂದು ಗೊತ್ತಿಲ್ಲ. ಹಾಗಾಗಿ ನನ್ನ ಪಾಡಿಗೆ ಬಿಟ್ಟರು. ನಾನು ಅವನ ತಂದೆತಾಯಿಯ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅತ್ತೆಯ ಜೊತೆ ಟೀ ಎಲೆ ಕೀಳುತ್ತಿದ್ದೆ, ಮಧ್ಯಾಹ್ನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ.

ಕ್ಯಾಮೆರಾ ಅವನದು. ಅದರಲ್ಲಿ ಅವನು ತೆಗೆದದ್ದೆಲ್ಲ ನಿಂತ ವಸ್ತುಗಳೇ. ಟೀ ಹೂವು, ಬಾಗಿಲಲ್ಲಿ ಕೂತ ಅವನ ಅಮ್ಮ, ತೊಳೆದು ರಾಶಿ ಹಾಕಿದ ಕ್ಯಾರೆಟ್. ನಾನು ಮೊದಲ ಸಲ ಹಕ್ಕಿಯ ಕಡೆ ತಿರುಗಿಸಿದಾಗ ಸಿಕ್ಕಿದ್ದು ಖಾಲಿ ಆಕಾಶ. ಮರುದಿನ ಒಂದು ಬಾಲ. ಆಮೇಲೆ ತಿಂಗಳುಗಟ್ಟಲೆ ಕಂದು ಬಣ್ಣದ ಗೀರುಗಳು. ಯಾರೋ ಒದ್ದೆ ಬಟ್ಟೆಯಿಂದ ಹಕ್ಕಿಯನ್ನು ಒರೆಸಿಹಾಕಿದ ಹಾಗೆ.

ಕಾರಣ ನನಗೆ ಗೊತ್ತಿತ್ತು. ಕೊಯಮತ್ತೂರಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಶಟರ್ ಅರವತ್ತರಲ್ಲೊಂದು ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ ಎಷ್ಟು ದೂರ ಹೋಗಿರುತ್ತದೆ ಎಂದು ಬಾಯಿಲೆಕ್ಕದಲ್ಲಿ ಹೇಳಬಲ್ಲೆ. ಆದರೂ ಶಟರ್ ವೇಗದ ಚಕ್ರ ಮುಟ್ಟಲಿಲ್ಲ. ಅದನ್ನು ಕೊನೆಗೆ ತಿರುಗಿಸಿದ್ದು ಅವನ ಹೆಬ್ಬೆರಳು. ಹಾಗೇ ಇರಲಿ ಎಂದು ಗೀರುಗಳನ್ನೇ ತೆಗೆಯುತ್ತಿದ್ದೆ.

ಒಂದು ಬೆಳಿಗ್ಗೆ ತಿರುಗಿಸಿದೆ. ಎರಡು ಸಾವಿರದಲ್ಲೊಂದಕ್ಕೆ. ಟಕ್ ಟಕ್ ಎಂದಿತು, ಅಷ್ಟೆ. ನನಗೂ ಏನೂ ಆಗಲಿಲ್ಲ. ಆ ದಿನ ಮೊದಲ ಬಾರಿ ಒಂದೊಂದೇ ಗರಿ ಎಣಿಸುವ ಹಾಗೆ ಒಂದು ರೆಕ್ಕೆ ಬಂತು. ಹಕ್ಕಿಯ ಉಳಿದ ಭಾಗ ಚೌಕಟ್ಟಿನ ಹೊರಗಿತ್ತು.

ಅಲ್ಲಿಂದ ಕಲಿಕೆ ಶುರುವಾಯಿತು. ಹಕ್ಕಿಯ ಜೊತೆ ಕೈ ತಿರುಗಿದರೆ ಸಾಲದು, ಸೊಂಟದಿಂದ ಮೇಲೆ ಪೂರ್ತಿ ತಿರುಗಬೇಕು. ಗುಂಡಿ ಒತ್ತುವಾಗ ನಿಲ್ಲಬಾರದು, ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಇನ್ನೊಂದು ಕಣ್ಣು ಮುಚ್ಚಬಾರದು. ಇವೆಲ್ಲ ಅಭ್ಯಾಸದಿಂದ ಬಂದವು. ಬಾರದೆ ಉಳಿದದ್ದು ಜಾಗ. ನಮ್ಮ ಅಂಗಳದಿಂದ ನೋಡಿದರೆ ಚಾಣ ತಲೆಯ ಮೇಲಿರುತ್ತದೆ, ಬೆಳ್ಳನೆ ಆಕಾಶದಲ್ಲಿ ಕಪ್ಪು ಹೊಟ್ಟೆ ಮಾತ್ರ ಕಾಣುತ್ತದೆ. ಟೀ ತೋಟಕ್ಕಿಳಿದರೆ ಸಿಲ್ವರ್ ಓಕ್ ಮರಗಳು ಅಡ್ಡ. ಹಕ್ಕಿ ಕಣ್ಣಿನ ಮಟ್ಟದಲ್ಲಿ ಹಾರುವುದು ಒಂದೇ ಕಡೆ, ಸುತ್ತುಕಲ್ಲಿನ ಎದುರು.

ಹಟ್ಟಿಯ ಬಯಲಿನ ಪಡುವಣ ಅಂಚಿನಲ್ಲಿ ಸುತ್ತುಕಲ್ಲಿದೆ. ಹಿರಿಯರು ಕೂತು ನ್ಯಾಯ ಹೇಳುವ ಕಲ್ಲಿನ ಕಟ್ಟೆ ಅದು. ಅದರಾಚೆ ನೆಲ ನೇರ ಕೆಳಗಿಳಿದು ಹುಲ್ಲಿನ ಇಳಿಜಾರಾಗುತ್ತದೆ. ಬೆಳಿಗ್ಗೆ ಬಿಸಿಲು ಬೆನ್ನಿಗಿರುತ್ತದೆ. ಜನವರಿಯ ಗಾಳಿಯೂ ಬೆನ್ನಿನ ಕಡೆಯಿಂದಲೇ. ಚಾಣ ಗಾಳಿಗೆ ಮುಖ ಕೊಟ್ಟು ನಿಲ್ಲುವುದರಿಂದ ಕಲ್ಲಿನ ಮೇಲೆ ಕೂತವರಿಗೆ ಮುಖ ಕೊಟ್ಟೇ ನಿಲ್ಲುತ್ತದೆ. ಇಳಿಜಾರಿನ ಕಡೆ ಕಾಲು ಬಿಟ್ಟು ಕೂತರೆ ಅದರ ಕಣ್ಣು ನಮ್ಮ ಕಣ್ಣಿಗೆ ಸಮ.

ಆ ಕಲ್ಲಿನ ಮೇಲೆ ನಮ್ಮ ಹಟ್ಟಿಯ ಹೆಂಗಸರು ಕೂರುವುದಿಲ್ಲ. ಕೂತರೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ, ಯಾರೂ ಕೂತಿರಲಿಲ್ಲ. ಕಲ್ಲಿಗೆ ಬೇರೆ ಕಟ್ಟಳೆಗಳೂ ಇವೆ. ಹತ್ತಿರ ಹೋಗುವವರು ಚಪ್ಪಲಿ ಬಿಡಬೇಕು. ಅಲ್ಲಿ ದನಿ ಎತ್ತುವಂತಿಲ್ಲ, ಕೈ ಎತ್ತುವಂತಿಲ್ಲ. ಊರಗೌಡರು ಕೂತ ಮೇಲೆಯೇ ಮಾತು ಶುರು. ಅಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನು ಚಪ್ಪಲಿ ಬಿಟ್ಟು ಕೂತೆ.

ಎರಡನೆಯ ದಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಮಲ್ಲಿ ಕೊಡ ಇಳಿಸಿ ದಾರಿಗಡ್ಡ ನಿಂತಳು.

"ಗೌಡ್ತಿ, ಇವತ್ತು ಯಾವ ನ್ಯಾಯ ಇತ್ತು?"

"ಹಕ್ಕಿದು."

"ಯಾರು ಗೆದ್ದರು?"

"ಹಕ್ಕಿ."

"ಅಯ್ಯೋ ಪಾಪ. ನಮ್ಮ ಮನೆಯವನದೂ ಒಂದು ನ್ಯಾಯ ಇದೆ, ನಾಳೆ ಕರೆದುಕೊಂಡು ಬರಲಾ? ಕುಡಿದು ಬಂದರೆ ಅವನೂ ಹಾರುತ್ತಾನೆ."

ನಲ್ಲಿಯ ಸುತ್ತ ಎಲ್ಲರೂ ನಕ್ಕರು. ಊರಗೌಡ ಹಾಲನ್ ತಾತ ನಗಲಿಲ್ಲ. ಅವರು ನನ್ನನ್ನು ಏನೂ ಕೇಳಲಿಲ್ಲ, ದೂರದಲ್ಲಿ ನಿಂತು ಕೆಮ್ಮಿ ಹೋದರು. ಕೇಳಬೇಕಾದ್ದನ್ನು ಮಾವನ ಹತ್ತಿರ ಕೇಳಿದರು.

ಅತ್ತೆ ಜೋಗಮ್ಮನನ್ನು ನಾನು ಮಾಮಿ ಎನ್ನುತ್ತೇನೆ, ಮಾವ ರಂಗನಾಥನ್ ನನಗೆ ಮಾಮ. ಆ ರಾತ್ರಿ ಊಟಕ್ಕೆ ಕೂತಾಗ ಮಾಮಿಯೇ ಶುರುಮಾಡಿದಳು.

"ಹಕ್ಕಿ ನಮ್ಮ ಹಿತ್ತಲಿಗೂ ಬರುತ್ತದೆ. ಕಾಗೆ ತೆಗಿ."

"ಕಾಗೆ ಬೇಡ ಮಾಮಿ."

"ಕಾಗೆಗೇನು ಕಡಿಮೆ? ಅದಕ್ಕೂ ಎರಡು ರೆಕ್ಕೆ ಇದೆ. ಕೂಗಿದರೆ ಬರುತ್ತದೆ ಬೇರೆ."

ಮಾಮ ತಟ್ಟೆ ನೋಡುತ್ತ, "ಕಲ್ಲು ಬಿಟ್ಟರೆ ಬೇರೆ ಜಾಗವೇ ಇಲ್ಲವಾ ಮಗಳೇ?" ಎಂದರು.

ಬಿಸಿಲು ಎಲ್ಲಿರಬೇಕು, ಗಾಳಿ ಎಲ್ಲಿಂದ ಬರಬೇಕು, ಕಣ್ಣಿನ ಮಟ್ಟ ಅಂದರೇನು, ಎಲ್ಲ ಹೇಳಿದೆ. ಶಾಲೆಯ ಹುಡುಗನ ಹಾಗೆ ಕೇಳಿಸಿಕೊಂಡರು. "ಇಷ್ಟೆಲ್ಲ ಇದೆಯಾ," ಎಂದರು. ಆಮೇಲೆ, ಅದೇ ದನಿಯಲ್ಲಿ, "ಸೋಮವಾರ ಬೆಳಿಗ್ಗೆ ನಂಜುಂಡನ್ ಮನೆಯವರು ಬರುತ್ತಾರೆ," ಎಂದರು.

ನಂಜುಂಡನ್ ಯಾರೆಂದು ನನಗೆ ಗೊತ್ತಿತ್ತು. ಕಣಿವೆಯಾಚೆಯ ಹಟ್ಟಿಯವನು. ಊಟಿಯಲ್ಲಿ ಸಹಕಾರಿ ಬ್ಯಾಂಕಿನ ಕೆಲಸ. ಹೆಂಡತಿ ತೀರಿಕೊಂಡಿದ್ದಾಳೆ. ಬೀಡಿ ಸೇದುವುದಿಲ್ಲ.

ನಮ್ಮವರಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದು ತಪ್ಪಲ್ಲ. ಇದನ್ನು ಕೇಳಿದ ಕಾಲೇಜಿನ ಗೆಳತಿಯರು ನಿಮ್ಮ ಜನ ಎಷ್ಟು ಮುಂದಿದ್ದಾರೆ ಎಂದಿದ್ದರು. ಮುಂದಿದ್ದಾರೆ, ನಿಜ. ಒಳ್ಳೆಯವರು ನಾಲ್ಕು ಜನ ಕಲ್ಲಿನ ಮೇಲೆ ಕೂತು, ನಾನು ಯಾವ ಮನೆಗೆ ಹೋಗಬೇಕೆಂದು ಒಳ್ಳೆಯ ಮನಸ್ಸಿನಿಂದ ತೀರ್ಮಾನಿಸಿ, ಟೀ ಕುಡಿದು ಏಳುತ್ತಾರೆ. ಅದು ನನಗೆ ಸಂಜೆ ಗೊತ್ತಾಗುತ್ತದೆ. ನನ್ನ ಅಪ್ಪ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದ. ಅವನನ್ನು ಕೇಳಿದ್ದರು.

"ನಾನು ಬೇಡ ಅಂದರೆ?" ಎಂದೆ.

"ಈಗ ಅನ್ನಬಹುದು. ಕಲ್ಲಿನ ಬಳಿ ಮಾತಾದ ಮೇಲೆ ಆಗದು," ಎಂದರು ಮಾಮ.

"ಈಗ ಅನ್ನುತ್ತಿದ್ದೇನೆ."

ಮಾಮಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. "ಗೌಡರಿಗೆ ಮಾತು ಕೊಟ್ಟಾಗಿದೆ," ಎಂದಳು. "ಮದುವೆ ಬೇಡ ಅನ್ನುವುದಕ್ಕೆ ಕಾರಣ ಬೇಕಲ್ಲ ಹೆಣ್ಣೇ. ಕಾರಣ ಏನು?"

ಗಿರಿಧರನ್ ಎಂದಿದ್ದರೆ ಅವರಿಗೆ ಸಾಕಾಗುತ್ತಿತ್ತು. ಇಬ್ಬರೂ ಅತ್ತು, ಇನ್ನೊಂದು ವರ್ಷ ಬಿಡುತ್ತಿದ್ದರು. ಆದರೆ ಅದು ಸುಳ್ಳು. ಅವನನ್ನು ನೆನೆಯುತ್ತ ಕೂತವಳಲ್ಲ ನಾನು. ಬೇಡ, ಅಷ್ಟೆ. ಬೇಡ ಅನ್ನುವುದು ನನ್ನದು. ಅದಕ್ಕೆ ಸತ್ತವನ ಸಹಿ ಬೇಕಿಲ್ಲ.

"ಕಾರಣ ಇಲ್ಲ ಮಾಮಿ," ಎಂದೆ.

ಸೋಮವಾರ ಅವರಿಗಿಂತ ಮೊದಲೇ ಹೋಗಿ ಕೂತೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಬಿಸಿಲು ಮನೆಗಳ ಮೇಲೇರಿ ಇಳಿಜಾರಿಗೆ ಬೀಳುವ ಹೊತ್ತಿಗೆ ಮಿನಿ ಬಸ್ಸು ಬಂದ ಸದ್ದಾಯಿತು. ನಂಜುಂಡನ್ ಮತ್ತು ಅವನ ಅಪ್ಪ ಇಳಿದರು. ಹಾಲನ್ ತಾತ ಬಿಳಿ ಶಾಲು ಹೊದ್ದು ಮನೆಯಿಂದ ಬಂದರು. ಹಿಂದೆ ಮಾಮ. ನಾಲ್ವರೂ ಕಲ್ಲಿನ ಬಳಿ ಚಪ್ಪಲಿ ಬಿಟ್ಟು ನಿಂತರು. ನಾನು ಇಳಿಜಾರಿನ ಕಡೆ ಮುಖ ಮಾಡಿಕೊಂಡೇ ಇದ್ದೆ. ಚಾಣ ಬಂದಿತ್ತು.

"ಇಳಿ ಮಗಳೇ," ಎಂದರು ಮಾಮ, ಮೆಲ್ಲಗೆ.

"ಇಲ್ಲ ಮಾಮ."

"ಮಾತು ಶುರುಮಾಡಬೇಕು."

"ಮಾತು ನನ್ನದಲ್ಲವಾ? ಇಲ್ಲೇ ಇದ್ದೇನೆ."

ಹಾಲನ್ ತಾತನಿಗೆ ಸಿಟ್ಟು ಬಂದಿತ್ತು. ಆದರೆ ಆ ಕಲ್ಲಿನ ಬಳಿ ದನಿ ಎತ್ತುವಂತಿಲ್ಲ. ಎಪ್ಪತ್ತು ದಾಟಿದ ಜೀವನದಲ್ಲಿ ಒಮ್ಮೆಯೂ ಎತ್ತಿದವರಲ್ಲ. ಸಿಟ್ಟನ್ನೆಲ್ಲ ನುಂಗಿ, ಪಿಸುಮಾತಿನಂತೆ, "ನೀನು ಏಳದೆ ನಾನು ಕೂರುವುದು ಹೇಗೆ?" ಎಂದರು.

"ಕೂರಬಹುದು ತಾತ. ಜಾಗ ಇದೆ." ಬ್ಯಾಗನ್ನು ಈಚೆ ಎಳೆದುಕೊಂಡೆ.

ಕೂರಲಿಲ್ಲ. ಕೂತರೆ ನಾನು ಕೂತದ್ದನ್ನು ಒಪ್ಪಿದ ಹಾಗೆ. ಅವರು ಕೂರದೆ ಯಾರೂ ಕೂಟದ ಮಾತು ಎತ್ತುವಂತಿಲ್ಲ. ಕೈ ಹಿಡಿದು ಎಬ್ಬಿಸೋಣವೆಂದರೆ ಅಲ್ಲಿ ಕೈ ಎತ್ತುವಂತಿಲ್ಲ. ಅವರ ಕಟ್ಟಳೆಗಳೇ ಅವರನ್ನು ಸುತ್ತ ನಿಲ್ಲಿಸಿದವು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ.

ನಂಜುಂಡನ್ ಒಂದು ಹೆಜ್ಜೆ ಮುಂದೆ ಬಂದ. "ಒಂದು ವಿಷಯ," ಎಂದ. ಅವನ ಅಪ್ಪ ಕಣ್ಣು ಬಿಟ್ಟರೂ ನಿಲ್ಲಿಸಲಿಲ್ಲ. "ನನಗೂ ನೆನ್ನೆ ರಾತ್ರಿ ಹೇಳಿದ್ದು. ಬಸ್ಸಿಗೆ ಹೊರಡು, ಒಳ್ಳೆ ಶರ್ಟು ಹಾಕು, ಅಂತ."

"ಶರ್ಟು ಚೆನ್ನಾಗಿದೆ," ಎಂದೆ, ತಿರುಗದೆ.

"ನೋಡಲೇ ಇಲ್ಲವಲ್ಲ ನೀವು."

"ಬಂದಾಗ ನೋಡಿದೆ."

"ಇದೇನು, ಇವರೇ ಮಾತಾಡಿಕೊಳ್ಳುತ್ತಾರೆ," ಎಂದರು ಅವನ ಅಪ್ಪ, ಯಾರಿಗೂ ಅಲ್ಲದೆ.

ಕೊನೆಗೆ ಮಾಮ ಮನೆಗೆ ಹೋಗಿ ಮಾಮಿಯನ್ನು ಕರೆತಂದರು. ಹೆಂಗಸಿನ ಕೈ ಹೆಂಗಸು ಹಿಡಿಯಬಹುದು. ಮಾಮಿ ಒಲೆಯ ಮುಂದಿನಿಂದ ಎದ್ದು ಬಂದವಳು. ಮಂಡಿನೋವಿನ ಕಾಲೆಳೆಯುತ್ತ, ಮಾಮನನ್ನು ಬೈಯುತ್ತ ಬಂದಳು. ಕಲ್ಲಿನ ಬಳಿ ಬಂದು ಬಾಯಿ ಮುಚ್ಚಿದಳು. ನಾನು ಕೂತದ್ದು ಆಚೆ ಅಂಚಿನಲ್ಲಿ. ಅಲ್ಲಿಗೆ ಕೈ ತಲುಪಬೇಕಾದರೆ ಕಲ್ಲು ಹತ್ತಲೇಬೇಕು. ಮಾಮಿ ಹಾಲನ್ ತಾತನ ಮುಖ ನೋಡಿದಳು. ತಾತ ಬೇರೆ ಕಡೆ ನೋಡಿದರು. ಮಾಮಿ ಚಪ್ಪಲಿ ಬಿಟ್ಟು ಹತ್ತಿದಳು.

ಹತ್ತಿ ನಿಂತವಳು ನನ್ನ ಕೈ ಹಿಡಿಯಲಿಲ್ಲ. ಮದುವೆಯಾಗಿ ಆ ಹಟ್ಟಿಗೆ ಬಂದು ನಲವತ್ತು ವರ್ಷವಾದರೂ ಅಲ್ಲಿಂದ ಅವಳು ನೋಡಿರಲಿಲ್ಲ. ಕೆಳಗೆ ಇಳಿಜಾರು, ಅದರಾಚೆ ಟೀ ಫ್ಯಾಕ್ಟರಿಯ ಹೊಗೆ, ಅದರಾಚೆ ರಸ್ತೆಯ ಒಂದೊಂದು ತಿರುವೂ ಕಾಣುತ್ತಿತ್ತು.

"ಓ," ಎಂದಳು. "ಕೋತಗಿರಿ ರಸ್ತೆ ಪೂರ್ತಿ ಕಾಣುತ್ತದೆ. ಅದಕ್ಕೇ ನಾನು ಯಾವ ಬಸ್ಸಿಗೆ ಬಂದೆ ಅಂತ ಈ ಗಂಡಸರಿಗೆಲ್ಲ ಮೊದಲೇ ಗೊತ್ತಿರುತ್ತಿತ್ತು."

ಕೆಳಗೆ ಯಾರೋ ನಕ್ಕರು. ನಂಜುಂಡನ್ ಇರಬೇಕು.

"ಜೋಗಮ್ಮ, ಅವಳನ್ನು ಇಳಿಸು," ಎಂದರು ಹಾಲನ್ ತಾತ.

"ಇಳಿಸುತ್ತೇನೆ ಅಣ್ಣ. ಮೊದಲು ನನ್ನ ಮಂಡಿ ಇಳಿಯಲು ಒಪ್ಪಲಿ. ಹತ್ತಿಸಿದವರು ನೀವು." ಹೇಳುತ್ತಲೇ ಒಂದು ಕೈ ನನ್ನ ಭುಜದ ಮೇಲೆ ಊರಿ, ನರಳಿ, ಪಕ್ಕದಲ್ಲಿ ಕೂತುಬಿಟ್ಟಳು. ಕಲ್ಲು ತಣ್ಣಗಿದೆ ಎಂದು ಗೊಣಗಿದಳು.

ಮಾಮ ತಲೆ ತಗ್ಗಿಸಿದರು. ನಗುತ್ತಿದ್ದರೋ ಏನೋ, ನನಗೆ ಕಾಣಲಿಲ್ಲ.

ಆಗ ಬಸ್ಸಿನ ಹಾರನ್ ಕೇಳಿತು. ಒಮ್ಮೆ, ಮತ್ತೊಮ್ಮೆ. ಅದು ತಿರುಗಿ ಹೋದರೆ ಮುಂದಿನದು ಮಧ್ಯಾಹ್ನಕ್ಕೆ. ನಂಜುಂಡನ್‌ಗೆ ಬ್ಯಾಂಕಿತ್ತು. ಅವನ ಅಪ್ಪ ಹಾಲನ್ ತಾತನಿಗೆ ಕೈ ಮುಗಿದು, "ಮಾತು ಶುರುವಾಗಲಿಲ್ಲ, ಹಾಗಾಗಿ ಮುಗಿಯಲೂ ಇಲ್ಲ, ಏನು ಹೇಳಲಿ," ಎಂದು ಚಪ್ಪಲಿ ಹುಡುಕಿದರು. ನಂಜುಂಡನ್ ನನ್ನ ಬೆನ್ನಿಗೆ, "ಬರುತ್ತೇನೆ," ಎಂದವನು, "ಅಂದರೆ, ಹೋಗುತ್ತೇನೆ," ಎಂದು ತಿದ್ದಿಕೊಂಡ.

ಎರಡು ಕಡೆಯವರೂ ಇಲ್ಲದೆ ಕೂಟವಿಲ್ಲ. ಹಾಲನ್ ತಾತ ಒಬ್ಬರೇ ಇನ್ನೂ ಸ್ವಲ್ಪ ಹೊತ್ತು ನಿಂತರು.

"ಮುಂದಿನ ಸೋಮವಾರ," ಎಂದರು.

"ಬನ್ನಿ ತಾತ. ನಾನು ಇಲ್ಲೇ ಇರುತ್ತೇನೆ."

"ಮಳೆ ಬಂದರೆ?"

"ಕೊಡೆ ತರುತ್ತೇನೆ."

ಶಾಲು ಬಿಗಿದುಕೊಂಡು ಹೋದರು. ಮಾಮ ಅವರ ಹಿಂದೆ ಹೊರಟರು, ಎರಡು ಹೆಜ್ಜೆ ಅಂತರ ಬಿಟ್ಟು.

ಅಷ್ಟರಲ್ಲಿ ಚಾಣ ಬಿತ್ತು. ನೋಡನೋಡುತ್ತ ರೆಕ್ಕೆ ಒಳಗೆಳೆದುಕೊಂಡು, ಕಲ್ಲಿನಂತೆ. ನಾನು ಸೊಂಟದಿಂದ ತಿರುಗಿ ಅದರ ಜೊತೆಗೇ ಇಳಿದೆ. ಒತ್ತಿದೆ, ಒತ್ತಿದ ಮೇಲೂ ಇಳಿಯುತ್ತಿದ್ದೆ. ಮೊಣಕೈ ಮಾಮಿಗೆ ತಗುಲಿತು.

"ಸಿಕ್ಕಿತಾ?" ಎಂದಳು ಪಕ್ಕೆ ಉಜ್ಜಿಕೊಳ್ಳುತ್ತ.

ಪರದೆ ನೋಡಿದೆ. ಹುಲ್ಲು. ಒಂದು ಮೂಲೆಯಲ್ಲಿ ಬಾಲದ ತುದಿ.

"ಇಲ್ಲ."

"ಮತ್ತೆ ಬರುತ್ತದಾ?"

"ಬರುತ್ತದೆ."

ಮಾಮಿ ತಲೆವಸ್ತ್ರ ಬಿಚ್ಚಿ ಮಡಚಿ, ಒಂದು ಪಕ್ಕಕ್ಕೆ ವಾಲಿ ಕೆಳಗೆ ಹಾಸಿಕೊಂಡು, ಸರಿಯಾಗಿ ಕೂತಳು.