ಟ್ಯೂಬಿನ ಮೇಲಿನ ಕ್ಯಾಮೆರಾ

ಪಂಕ್ಚರ್ ಅಂಗಡಿಯ ಅಕ್ಕನ ಬಳಿ ಉದ್ದ ಲೆನ್ಸ್ ಇರಲಿಲ್ಲ. ಪಕ್ಷಿ ಸಂಘದ ಉಳಿದವರು ಕೆರೆಯ ದಡದಲ್ಲಿ ಕುರ್ಚಿ ಹಾಕಿಕೊಂಡು, ಮೊಳದುದ್ದದ ಲೆನ್ಸಿನಲ್ಲಿ ಬಾತುಕೋಳಿಯ ಕಣ್ಣನ್ನೇ ಹಿಡಿಯುತ್ತಿದ್ದರು. ಇವಳದು ಗಿಡ್ಡ ಲೆನ್ಸು; ಹತ್ತಿರ ಹೋಗದೆ ಗತಿಯಿರಲಿಲ್ಲ. ಲಾರಿಯ ಹಳೆ ಟ್ಯೂಬಿಗೆ ಗಾಳಿ ತುಂಬಿ, ಮೇಲೊಂದು ಹಲಗೆ ಕಟ್ಟಿ, ಕ್ಯಾಮೆರಾ ಇಟ್ಟು, ಸುತ್ತ ಜೊಂಡು ಹೊದಿಸಿ, ಎದೆಮಟ್ಟದ ನೀರಿನಲ್ಲಿ ತಳ್ಳಿಕೊಂಡು ಹೋಗುತ್ತಿದ್ದಳು. ಬಾತುಗಳು ಅವಳನ್ನೊಂದು ತೇಲುವ ಪೊದೆಯೆಂದುಕೊಂಡು ಪಕ್ಕದಲ್ಲೇ ಪುಕ್ಕ ತಿದ್ದಿಕೊಳ್ಳುತ್ತಿದ್ದವು. ಅಷ್ಟು ಹತ್ತಿರ ಸಂಘದಲ್ಲಿ ಇನ್ಯಾರೂ ಹೋಗಿರಲಿಲ್ಲ. ಹಾಗೆಂದು ಹೇಳಿಕೊಳ್ಳಲು ಅವಳಿಗೆ ಸಂಕೋಚವೇನೂ ಇರಲಿಲ್ಲ.

ಸಂಘ ನಡೆಸುವ ನಿವೃತ್ತ ಮೇಷ್ಟ್ರು ಗ್ರಂಥಾಲಯದ ಪ್ರದರ್ಶನದಲ್ಲಿ ಈ ಸಲ ಬಾಗಿಲೆದುರಿನ ಗೋಡೆಯನ್ನು ಅವಳಿಗೇ ಬಿಟ್ಟಿದ್ದರು. ಸೋಮವಾರಕ್ಕೆ ಹನ್ನೆರಡು ಚಿತ್ರ ಬೇಕು. ತೆಗೆದವುಗಳಲ್ಲಿ ಹನ್ನೊಂದನ್ನು ಆರಿಸಿದ್ದಳು; ಎಲ್ಲವೂ ಇನ್ನೂ ಕ್ಯಾಮೆರಾದೊಳಗೇ ಇದ್ದವು. ಭಾನುವಾರ ಹೊರಡುವ ಹೊತ್ತಿಗೆ ಟ್ಯೂಬು ಸೋರುತ್ತಿತ್ತು. ಹಚ್ಚಿದ ಅಂಟು, ಸಲ್ಯೂಷನ್, ಒಣಗುವ ಮೊದಲೇ ತೇಪೆ ಒತ್ತಿ ನಡೆದಳು. ಗಿರಾಕಿ ಇಂಥ ಅವಸರ ಮಾಡಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದಳು.

ಜೊಂಡು ದಾಟಿದ್ದೇ ತಡ, ಎದುರಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ ಆಳೆತ್ತರದ ಸಾರಸವೊಂದು ದಿಗ್ಗನೆ ಎದ್ದು ಹತ್ತು ಹೆಜ್ಜೆ ಆಚೆ ಹೋಯಿತು. ಅದು ಎದ್ದ ಜಾಗದಲ್ಲಿ ಗೂಡು, ಗೂಡಿನಲ್ಲಿ ಎರಡು ಮೊಟ್ಟೆ. ಅಲ್ಲಿ ಗೂಡಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಗೂಡಿನ ಚಿತ್ರ ತೆಗೆಯಬಾರದು, ಹಕ್ಕಿ ಎದ್ದರೆ ಮರಳಿ ಕೂರುವ ತನಕ ಅಲ್ಲಾಡಬಾರದು ಎಂದು ಮೇಷ್ಟ್ರು ಎಲ್ಲರಿಗೂ ಹೇಳಿಟ್ಟಿದ್ದರು. ನೆತ್ತಿ ಸುಡುವ ಬಿಸಿಲು. ಹಕ್ಕಿ ಬೇಗ ಬಾರದಿದ್ದರೆ ಮೊಟ್ಟೆ ಇದ್ದಲ್ಲೇ ಬೇಯುತ್ತವೆ.

ಅವಳು ಕಂಬದಂತೆ ನಿಂತಳು. ಸಾರಸ ಒಂದು ಹೆಜ್ಜೆ ಇಟ್ಟಿತು, ನಿಂತಿತು, ಇನ್ನೊಂದು ಇಟ್ಟಿತು. ಗೂಡಿಗೆ ಮೂರು ಹೆಜ್ಜೆ ಉಳಿದಾಗ ನೀರಿನೊಳಗೆ ಗುಳುಗುಳು ಸದ್ದು. ಇಪ್ಪತ್ತು ವರ್ಷ ಕೇಳಿದ ಸದ್ದು. ತೇಪೆ ಬಿಟ್ಟಿತೆಂದು ನೋಡದೆಯೇ ತಿಳಿಯಿತು. ಹಲಗೆ ವಾಲತೊಡಗಿತು. ಕ್ಯಾಮೆರಾ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಕೈ ಎತ್ತಿದರೆ ಹಕ್ಕಿ ಹಾರುತ್ತದೆ.

ಎತ್ತಲಿಲ್ಲ. ಕ್ಯಾಮೆರಾ ಮೆಲ್ಲಗೆ ಜಾರಿ ತಳದ ಕೆಸರಿಗೆ ಮುಳುಗಿತು. ಸಾರಸ ಕತ್ತು ಚಾಚಿ ನೋಡಿತು, ಗೂಡು ಹತ್ತಿತು, ಕೊಕ್ಕಿನಿಂದ ಮೊಟ್ಟೆ ಹೊರಳಿಸಿ ಕೂತಿತು. ಆಮೇಲೇ ಅವಳು, ಮುಳುಗಿದ್ದನ್ನು ತಡಕದೆ, ಹಿಮ್ಮುಖವಾಗಿ, ಕೆಸರಿನಲ್ಲಿ ಇಂಚಿಂಚು ಸರಿದು ದಡ ಸೇರಿದಳು.

ಚಪ್ಪಟೆಯಾದ ಟ್ಯೂಬು ಎಳೆದುಕೊಂಡು ಬಂದ ಅವಳನ್ನು ಕಂಡು, ದಡದಲ್ಲಿ ಕಾಯುತ್ತಿದ್ದ ಗಂಡ ನಕ್ಕ. "ಊರೋರ ಟ್ಯೂಬಿಗೆಲ್ಲ ತೇಪೆ ಹಾಕ್ತೀಯ, ನಿಂದೊಂದಕ್ಕೆ ಪುರುಸೊತ್ತಿರ್ಲಿಲ್ವೇನೇ?"

ನಡೆದದ್ದು ಕೇಳಿದ ಮೇಷ್ಟ್ರು ಮಾತ್ರ ಪ್ರದರ್ಶನದ ಗೋಡೆಯ ಚಿಂತೆಯಲ್ಲಿದ್ದರು. ಅವರೆದುರು ಅವಳು ತಲೆ ತಗ್ಗಿಸಲಿಲ್ಲ.

"ಗೋಡೆ ಬೇರೆಯವರಿಗೆ ಕೊಡಿ ಸರ್. ಸಾರಸ ಎದ್ದೋಗಿದ್ದು ನನ್ನಿಂದ, ತಪ್ಪು ನಂದೇ. ಆದ್ರೆ ವಾಪಸ್ ಬಂದು ನನ್ನ ಮುಂದೇನೇ ಕೂತ್ಕೊಳ್ತು. ನಾಲ್ಕೇ ಹೆಜ್ಜೆ ದೂರ. ನಿಮ್ಮಲ್ಲಿ ಯಾರು ನೋಡಿದೀರಿ ಹೇಳಿ?"

ಯಾರೂ ನೋಡಿರಲಿಲ್ಲ. ಮರುದಿನ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ, ಸಲ್ಯೂಷನ್ ಒಣಗುವವರೆಗೆ ಕೂರಿಸಿ, ಅದನ್ನೇ ಹೇಳಿದಳು.

ನೀರಿಗೆ ಹೋದದ್ದು ಕ್ಯಾಮೆರಾ ಒಂದು, ಲೆನ್ಸು ಒಂದು, ಚಿತ್ರಗಳು ಮುನ್ನೂರ ಹದಿನೇಳು, ಎಡಗಾಲಿನ ಚಪ್ಪಲಿ ಒಂದು.